ವಾಯುವಿಗೆ ದಾರಿ ಬಿಡಿಸುವ ಅಂಟುರಾಳ

ಕೋಲಾರ ಸೀಮೆಯ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಬೆಳೆಯುವ ಅವರೆಯು ಮಾಗಿಯ ಚಳಿಗೆ ಕಾಯಿ ಕಟ್ಟಿದಾಗ, ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯಿಂದ ಮಾಲೂರು, ಶ್ರೀನಿವಾಸಪುರಗಳವರೆಗೆ ಮುದ್ದೆಯ ಜೊತೆಗಿನ ಸಾರು ಬಹುಮಟ್ಟಿಗೆ ಅವರೆಯದೇ ಆಗಿರುತ್ತದೆ. ಕಾಳಿನ ಸಾರು, ಹಿದುಕಿದ ಬೇಳೆಯ ಸಾರು, ಕಾಳು ಹಾಕಿದ ಉಪ್ಪಿಟ್ಟು ಎಂದು ದಿನಕ್ಕೊಂದು ರೂಪದಲ್ಲಿ ಬರುವ ಈ ಊಟದ ಬೆನ್ನಿಗೇ ಹೊಟ್ಟೆಯುಬ್ಬರವೂ ವಾಯುವೂ ಬರುತ್ತವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಸಾರಿನ ಒಗ್ಗರಣೆಗೂ ಊಟದ ಕೊನೆಯ ನೀರುಮಜ್ಜಿಗೆಗೂ ಒಂದೊಂದು ಚಿಟಿಕೆ ಇಂಗು ಬೀಳುವುದು ವಾಡಿಕೆ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆ ಅದರ ರುಚಿಯನ್ನು ಹೊಗಳಿದರೆ, ಮನೆಮದ್ದಿನ ಪರಂಪರೆ ಅದನ್ನು ವಾತಹರವೆಂದು ನಂಬಿದೆ.

ಈ ನಂಬಿಕೆಯೊಳಗೆ ಒಂದು ಒಗಟು ಅಡಗಿದೆ. ಹೊಟ್ಟೆಯಲ್ಲಿ ಅನಿಲ ಹುಟ್ಟುವುದು ಕಾಳಿನಿಂದಲಾದರೆ, ಕಾಳಿನ ಜೊತೆಗೇ ಹೊಟ್ಟೆಗೆ ಹೋಗುವ ಚಿಟಿಕೆಯಷ್ಟು ಪದಾರ್ಥವು ಆ ಅನಿಲವನ್ನು ಹುಟ್ಟದಂತೆ ತಡೆಯುತ್ತದೆಯೇ, ಹುಟ್ಟಿದ ಮೇಲೆ ಹೀರಿಕೊಳ್ಳುತ್ತದೆಯೇ, ಇಲ್ಲವೇ ಇವೆರಡನ್ನೂ ಮಾಡದೆ ಬೇರೇನನ್ನಾದರೂ ಮಾಡುತ್ತದೆಯೇ? ಇಂಗಿನ ಡಬ್ಬಿ ತೆರೆದಾಗ ಬರುವ ವಾಸನೆಗೂ ವಾಯುವಿನ ದುರ್ವಾಸನೆಗೂ ಗಂಧಕದ ಸಂಯುಕ್ತಗಳೇ ಕಾರಣವೆಂಬುದು ಈ ಒಗಟನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಉತ್ತರ ದೊರೆಯಬೇಕಾದರೆ ಇಂಗು ಎಂದರೇನು, ಕಾಳಿನಿಂದ ಅನಿಲ ಹೇಗೆ ಹುಟ್ಟುತ್ತದೆ, ಹುಟ್ಟಿದ ಅನಿಲ ಯಾವಾಗ ನೋವಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ನೋಡಬೇಕು.

ಅಂಟು, ರಾಳ, ಅಂಟುರಾಳ

ಗಾಯಗೊಂಡ ಗಿಡಮರಗಳಿಂದ ಒಸರಿ ಗಟ್ಟಿಯಾಗುವ ದ್ರವಗಳನ್ನೆಲ್ಲ ಆಡುಮಾತಿನಲ್ಲಿ ಅಂಟು ಅಥವಾ ಗೋಂದು ಎಂದು ಕರೆಯುವುದುಂಟಾದರೂ, ಅವುಗಳಲ್ಲಿ ಮೂರು ಬಗೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಬಹುದು. ಜಾಲಿಯ ಗೋಂದಿನಂತೆ ನೀರಿನಲ್ಲಿ ಕರಗುವ, ಸಕ್ಕರೆಯ ಅಣುಗಳ ಉದ್ದನೆಯ ಸರಪಣಿಗಳಿಂದಾದ ಪದಾರ್ಥ ಅಂಟು. ಧೂಪಕ್ಕೆ ಬಳಸುವ ರಾಳದಂತೆ ನೀರಿಗೆ ಜಗ್ಗದೆ, ಎಣ್ಣೆಯಲ್ಲಿಯೋ ಮದ್ಯಸಾರದಲ್ಲಿಯೋ ಮಾತ್ರ ಕರಗುವ ಪದಾರ್ಥ ರಾಳ. ಇವೆರಡೂ ಒಂದೇ ಒಸರಿನಲ್ಲಿ ಬೆರೆತಿದ್ದರೆ ಅದು ಅಂಟುರಾಳ, ಮತ್ತು ಇಂಗು ಈ ಮೂರನೆಯ ಬಗೆಗೆ ಸೇರುತ್ತದೆ.

ಇಂಗಿನ ಗಿಡವು ಫೆರುಲಾ ಎಂಬ ಕುಲದ್ದು. ಕೊತ್ತಂಬರಿ, ಜೀರಿಗೆ, ಓಮ, ಗಜ್ಜರಿಗಳ ಹತ್ತಿರದ ಬಳಗಕ್ಕೆ ಸೇರಿದ ಈ ಗಿಡ ಇರಾನ್, ಅಫ್ಘಾನಿಸ್ತಾನ ಮತ್ತು ಮಧ್ಯ ಏಷ್ಯಾದ ಒಣ, ತಂಪು ಬೆಟ್ಟಗಳಲ್ಲಿ ಹಲವು ವರ್ಷ ಬೆಳೆದು, ಒಮ್ಮೆ ಹೂಬಿಟ್ಟು ಬೀಜ ಕಟ್ಟಿದ ಮೇಲೆ ಸಾಯುತ್ತದೆ. ಹೂಬಿಡುವ ಮುನ್ನ ಅದರ ದಪ್ಪ ತಾಯಿಬೇರಿನ ಸುತ್ತಲಿನ ಮಣ್ಣನ್ನು ಸರಿಸಿ, ಬೇರಿನ ತಲೆಯನ್ನು ಕತ್ತರಿಸಿದಾಗ ಹಾಲಿನಂಥ ರಸ ಒಸರುತ್ತದೆ. ಗಾಳಿಗೆ ಅದು ಕೆಂಗಂದು ಬಣ್ಣದ ಗಟ್ಟಿಯಾದ ಮೇಲೆ ಹೆರೆದು ತೆಗೆದು, ಮತ್ತೆ ತೆಳುವಾದ ಹೋಳೊಂದನ್ನು ಕತ್ತರಿಸಿ ಮತ್ತಷ್ಟು ರಸ ಒಸರಲು ಬಿಡುತ್ತಾರೆ. ಬೇರನ್ನು ಕೊರೆಯುವ ಹುಳುಗಳಿಂದಲೂ ಗಾಯಕ್ಕೆ ನುಗ್ಗುವ ಬೂಷ್ಟಿನಿಂದಲೂ ತನ್ನನ್ನು ಕಾಪಾಡಿಕೊಳ್ಳಲು ಗಿಡ ಸಿದ್ಧಪಡಿಸಿಕೊಂಡ ಈ ರಸದಲ್ಲಿ ರಾಳದ ಪಾಲು ಸುಮಾರು ಶೇಕಡ 40ರಿಂದ 64, ಅಂಟಿನ ಪಾಲು ಸುಮಾರು 25, ಆವಿಯಾಗಿ ಹಾರುವ ಎಣ್ಣೆಯ ಪಾಲು ಸುಮಾರು 10ರಿಂದ 17 ಇರುತ್ತದೆ. ರಾಳದಲ್ಲಿ ಫೆರುಲಿಕ್ ಆಮ್ಲ ಮತ್ತು ಕೂಮರಿನ್ ಎಂಬ ವರ್ಗದ ಸಂಯುಕ್ತಗಳಿದ್ದರೆ, ಹಾರುವ ಎಣ್ಣೆಯಲ್ಲಿ ಎರಡೆರಡು ಗಂಧಕದ ಪರಮಾಣುಗಳನ್ನು ಜೋಡಿಸಿಕೊಂಡ ಡೈಸಲ್ಫೈಡ್‌ಗಳಿರುತ್ತವೆ. ಇಂಗಿಗೆ ಅದರ ವಾಸನೆ ಬರುವುದು ಈ ಎರಡನೆಯ ಗುಂಪಿನಿಂದ.

ಒಗ್ಗರಣೆಯ ಕ್ರಮ ಈ ರಚನೆಗೆ ಚೆನ್ನಾಗಿ ಹೊಂದುತ್ತದೆ. ರಾಳವೂ ಹಾರುವ ಎಣ್ಣೆಯೂ ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗುವುದರಿಂದ, ಕಾದ ಎಣ್ಣೆಗೋ ತುಪ್ಪಕ್ಕೋ ಬಿದ್ದ ಇಂಗು ಕ್ಷಣಮಾತ್ರದಲ್ಲಿ ಅರಳಿ, ತೀರ ಕಟುವಾದ ಆವಿಗಳನ್ನು ಕಳೆದುಕೊಂಡು, ಉಳಿದುದನ್ನು ಜಿಡ್ಡಿನ ಮೂಲಕ ಸಾರಿನ ಉದ್ದಕ್ಕೂ ಹರಡುತ್ತದೆ. ಔಷಧಕ್ಕೆ ಬಳಸುವ ಮುನ್ನ ಇಂಗನ್ನು ತುಪ್ಪದಲ್ಲಿ ಹುರಿದು ಶುದ್ಧಿ ಮಾಡಬೇಕೆಂಬ ಆಯುರ್ವೇದದ ನಿಯಮವೂ ಇದೇ ಗುಣವನ್ನು ಆಧರಿಸಿದೆ. ನೀರುಮಜ್ಜಿಗೆಗೆ ನೇರವಾಗಿ ಕದಡಿದಾಗಲೂ ಇಂಗು ತಳಕ್ಕೆ ಕೂರದೆ ಬಿಳುಪಾಗಿ ಬೆರೆಯುವುದಕ್ಕೆ ಅದರೊಳಗಿನ ಅಂಟು ಕಾರಣ. ನೀರಿನಲ್ಲಿ ಕರಗುವ ಅಂಟು ನೀರಿನಲ್ಲಿ ಕರಗದ ರಾಳವನ್ನು ಸಣ್ಣ ಹನಿಗಳಾಗಿ ಹಿಡಿದು ತೇಲಿಸುತ್ತದೆ.

ಹೊಟ್ಟೆಯ ತೊಂದರೆಗಳಿಗೆ ಬಳಕೆಯಾಗುವ ಒಸರುಗಳು ನಮ್ಮ ನಾಡಿನ ಕಾಡುಗಳಲ್ಲಿಯೂ ಇವೆ. ಹೊನ್ನೆಮರದ ತೊಗಟೆಗೆ ಏಟು ಬಿದ್ದಾಗ ರಕ್ತದಂತೆ ಒಸರುವ, ಒಗರಾದ ಕೆಂಪು ಅಂಟನ್ನು ಭೇದಿ ನಿಲ್ಲಿಸಲು ಕೊಡುವುದು ಹಳೆಯ ಪದ್ಧತಿ. ಕೈನೋ ಎಂಬ ಹೆಸರಿನಲ್ಲಿ ಅದು ಬ್ರಿಟಿಷ್ ಔಷಧಕೋಶದಲ್ಲಿಯೂ ಸ್ಥಾನ ಪಡೆದಿತ್ತು. ಮುತ್ತುಗದ ಕೆಂಪಂಟಿಗೂ ಇದೇ ಉಪಯೋಗವಿದ್ದು, ಇವೆರಡರಲ್ಲಿಯೂ ಕೆಲಸ ಮಾಡುವುದು ಪ್ರೋಟೀನುಗಳಿಗೆ ಅಂಟಿಕೊಂಡು ಕರುಳಿನ ಒಳಪದರವನ್ನು ಬಿಗಿಗೊಳಿಸುವ ಟ್ಯಾನಿನ್ ಎಂಬ ಒಗರು ಪದಾರ್ಥ. ಬಿಕ್ಕೆಯ ಬಳಗದ ಗಿಡವೊಂದರ ಎಲೆಮೊಗ್ಗುಗಳಿಂದ ಒಸರುವ ದಿಕ್ಕಾಮಲ್ಲಿಯನ್ನು ಮಕ್ಕಳ ಹೊಟ್ಟೆಹುಳುವಿಗೂ ಹೊಟ್ಟೆಯುಬ್ಬರಕ್ಕೂ ಕೊಡುವ ರೂಢಿಯಿದ್ದು, ಅದು ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಒಗರಿನ ಅಂಟುಗಳು ಕರುಳನ್ನು ಬಿಗಿಗೊಳಿಸಿದರೆ ಇಂಗಿನ ಕೆಲಸ ಅದಕ್ಕೆ ವಿರುದ್ಧ ದಿಕ್ಕಿನದು ಎಂಬ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು.

ಹೋರ್ಮುಜ್‌ನ ಹಡಗುಗಳಲ್ಲಿ ಬಂದ ಮದ್ದು

ಇಂಗು ಭಾರತದ ನೆಲದಲ್ಲಿ ವಾಣಿಜ್ಯ ಬೆಳೆಯಾಗಿರಲಿಲ್ಲವಾದರೂ ಅದರ ಬಳಕೆ ಇಲ್ಲಿ ಬಹಳ ಹಳೆಯದು. ಚರಕಸಂಹಿತೆಯು ಒಂದೊಂದು ಕೆಲಸಕ್ಕೆ ಶ್ರೇಷ್ಠವಾದ ದ್ರವ್ಯಗಳನ್ನು ಪಟ್ಟಿಮಾಡುವ ಕಡೆ, ಜಠರಾಗ್ನಿಯನ್ನು ಹೆಚ್ಚಿಸಿ, ವಾತವನ್ನು ಅದರ ಸಹಜವಾದ ಕೆಳಮುಖದ ದಾರಿಗೆ ಹಚ್ಚುವ ದ್ರವ್ಯಗಳಲ್ಲಿ ಹಿಂಗುವಿನ ಒಸರನ್ನು ಮುಂದಿಟ್ಟಿದೆ. ಇಂಗಿನ ಜೊತೆಗೆ ಶುಂಠಿ, ಮೆಣಸು, ಹಿಪ್ಪಲಿ, ಓಮದ ಬಳಗದ ಅಜಮೋದ, ಸೈಂಧವ ಲವಣ ಮತ್ತು ಎರಡು ಬಗೆಯ ಜೀರಿಗೆಗಳನ್ನು ಸೇರಿಸಿ ಮಾಡುವ ಹಿಂಗ್ವಾಷ್ಟಕ ಚೂರ್ಣವನ್ನು ತುಪ್ಪದೊಂದಿಗೆ ಅನ್ನದ ಮೊದಲ ತುತ್ತಿನಲ್ಲಿ ಕಲಸಿ ತಿನ್ನುವ ಕ್ರಮ ಇಂದಿಗೂ ಉಳಿದಿದೆ.

ಕನ್ನಡ ನಾಡಿನ ಇತಿಹಾಸಕ್ಕೆ ಸೇರಿದ ಒಂದು ಸ್ವಾರಸ್ಯಕರ ದಾಖಲೆ ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಓರ್ಟಾನ ಗ್ರಂಥದಲ್ಲಿದೆ. 1563ರಲ್ಲಿ ಗೋವೆಯಲ್ಲಿಯೇ ಅಚ್ಚಾದ ಆ ಗ್ರಂಥವು ಭಾರತದ ಔಷಧದ್ರವ್ಯಗಳನ್ನು ಸಂವಾದದ ರೂಪದಲ್ಲಿ ವಿವರಿಸುತ್ತ, ಇಡೀ ದೇಶದಲ್ಲಿ ಔಷಧಕ್ಕೂ ಅಡುಗೆಗೂ ಇಂಗಿನಷ್ಟು ಬಳಕೆಯಾಗುವ ಪದಾರ್ಥ ಅಪರೂಪವೆಂದು ಹೇಳಿ, ಅದು ಖುರಾಸಾನದ ಕಡೆಯಿಂದ ಹೋರ್ಮುಜ್ ಬಂದರಿನ ಮೂಲಕ ಬರುವುದನ್ನು ತಿಳಿಸುತ್ತದೆ. ವಿಜಯನಗರದ ಅರಸನಿಗೆ ಪೋರ್ಚುಗೀಸನೊಬ್ಬ ಮಾರಲು ತಂದ ಬೆಲೆಬಾಳುವ ಕುದುರೆಗೆ ವಾಯುವಿನ ಉಪದ್ರವವಿದ್ದ ಕಾರಣ ಅರಸ ಅದನ್ನು ಕೊಳ್ಳಲೊಪ್ಪಲಿಲ್ಲವೆಂದೂ, ಹಿಟ್ಟಿನಲ್ಲಿ ಇಂಗು ಬೆರೆಸಿ ತಿನ್ನಿಸಿ ಗುಣಪಡಿಸಿದ ಮೇಲೆ ಕುದುರೆ ಮಾರಾಟವಾಯಿತೆಂದೂ ಓರ್ಟಾ ಬರೆದಿದ್ದಾನೆ. ಮುಳಬಾಗಿಲನ್ನು ತನ್ನ ಪ್ರಾಂತೀಯ ಕೇಂದ್ರಗಳಲ್ಲೊಂದಾಗಿ ಮಾಡಿಕೊಂಡಿದ್ದ ವಿಜಯನಗರಕ್ಕೆ ಬೆಲೆಬಾಳುವ ಕುದುರೆಯೂ ಹೊಟ್ಟೆಯ ಇಂಗೂ ಹೊರಗಿನ ವ್ಯಾಪಾರದಿಂದಲೇ ಬರುತ್ತಿದ್ದವೆಂಬುದನ್ನು ಈ ದಾಖಲೆ ತೋರಿಸುತ್ತದೆ.

2020ರ ಹೊತ್ತಿಗೂ ಭಾರತ ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗನ್ನು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ತರಿಸಿಕೊಳ್ಳುತ್ತಿತ್ತು. ಇರಾನಿನಿಂದ ಬಂದ ಬೀಜಗಳಿಂದ ಸಸಿ ಎಬ್ಬಿಸಿದ ಪಾಲಂಪುರದ ಹಿಮಾಲಯ ಜೈವಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯು 2020ರ ಅಕ್ಟೋಬರ್ 15ರಂದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಕ್ವಾರಿಂಗ್ ಗ್ರಾಮದಲ್ಲಿ ದೇಶದ ಮೊದಲ ಇಂಗಿನ ಸಸಿಯನ್ನು ರೈತರ ಹೊಲದಲ್ಲಿ ನೆಡಿಸಿತು.

ಕಾಳಿನೊಳಗಿನ ಸಕ್ಕರೆ

ಅವರೆ, ಹುರುಳಿ, ಕಡಲೆ, ಅಲಸಂದೆಗಳಂಥ ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಕಿರುಸರಪಣಿಯ ಸಕ್ಕರೆಗಳಿವೆ. ರಾಫಿನೋಸಿನಲ್ಲಿ ಮೂರು, ಸ್ಟಾಕಿಯೋಸಿನಲ್ಲಿ ನಾಲ್ಕು, ವರ್ಬಾಸ್ಕೋಸಿನಲ್ಲಿ ಐದು ಸಣ್ಣ ಸಕ್ಕರೆಗಳು ಕೊಂಡಿ ಹಾಕಿಕೊಂಡಿರುತ್ತವೆ. ಬೀಜವು ಬಲಿತು ಒಣಗುವ ಹಂತದಲ್ಲಿ ಅದರ ಜೀವಕೋಶಗಳ ಪೊರೆಗಳು ನೀರಿಲ್ಲದೆ ಹಾಳಾಗದಂತೆ ಕಾಪಾಡುವುದರಲ್ಲಿ ಇವುಗಳ ಪಾತ್ರವಿದ್ದು, ಮುಂದೆ ಮೊಳಕೆಯೊಡೆಯುವಾಗ ಇವೇ ಎಳೆಯ ಸಸಿಗೆ ಮೊದಲ ಆಹಾರವಾಗುತ್ತವೆ. ಬಲಿಯುವಿಕೆಯ ಕೊನೆಯ ಹಂತದಲ್ಲಿಯೇ ಇವು ಹೆಚ್ಚಾಗಿ ಕೂಡಿಕೊಳ್ಳುವುದರಿಂದ ಹಸಿ ಅವರೆಕಾಳಿಗಿಂತ ಒಣ ಅವರೆಕಾಳಿನಲ್ಲಿ ಇವುಗಳ ಪ್ರಮಾಣ ಹೆಚ್ಚು. ಸೊಗಡಿನ ಹಸಿಕಾಳನ್ನು ತಕ್ಕಮಟ್ಟಿಗೆ ಅರಗಿಸಿಕೊಳ್ಳುವ ಹೊಟ್ಟೆ ಬೇಸಿಗೆಯ ಒಣಕಾಳಿಗೆ ಹೆಚ್ಚು ತಕರಾರು ಮಾಡುವುದಕ್ಕೆ ಇದೊಂದು ಕಾರಣ.

ಈ ಸಕ್ಕರೆಗಳ ಕೊಂಡಿಯನ್ನು ಬಿಡಿಸಬಲ್ಲ ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವು ಮನುಷ್ಯನ ಸಣ್ಣಕರುಳಿನ ಜೀರ್ಣರಸಗಳಲ್ಲಿಲ್ಲ. ಹೀಗಾಗಿ ಅನ್ನ, ಮುದ್ದೆಗಳ ಪಿಷ್ಟ ಸಣ್ಣಕರುಳಿನಲ್ಲಿ ಒಡೆದು ರಕ್ತಕ್ಕೆ ಸೇರಿದರೂ ಕಾಳಿನ ಈ ಸಕ್ಕರೆಗಳು ಒಡೆಯದೆ ಮುಂದೆ ಸಾಗಿ, ಕೆಲವು ಗಂಟೆಗಳ ನಂತರ ದೊಡ್ಡಕರುಳನ್ನು ತಲಪುತ್ತವೆ. ಅಲ್ಲಿ ನೆಲೆಸಿರುವ ಅಸಂಖ್ಯ ಬ್ಯಾಕ್ಟೀರಿಯಾಗಳ ಬಳಿ ಬೇಕಾದ ಕಿಣ್ವವಿರುವುದರಿಂದ ಅವು ಈ ಸಕ್ಕರೆಗಳನ್ನು ಹುಳಿಯಿಸಿ ತಮ್ಮ ಆಹಾರವಾಗಿಸಿಕೊಳ್ಳುತ್ತವೆ, ಮತ್ತು ಆ ಕ್ರಿಯೆಯಲ್ಲಿ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತವೆ. ಈ ಮೂರಕ್ಕೂ ವಾಸನೆಯಿಲ್ಲ. ಅತ್ಯಲ್ಪ ಪ್ರಮಾಣದಲ್ಲಿ ಅವುಗಳ ಜೊತೆಗೂಡುವ ಹೈಡ್ರೋಜನ್ ಸಲ್ಫೈಡಿನಂಥ ಗಂಧಕದ ಅನಿಲಗಳು ದುರ್ವಾಸನೆಗೆ ಕಾರಣ. ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಊಟದ ಜೊತೆಗೆ 200 ಗ್ರಾಂ ಬೇಯಿಸಿದ ಬೀನ್ಸ್ ತಿಂದ ಆರೋಗ್ಯವಂತರು 24 ಗಂಟೆಗಳಲ್ಲಿ ಹೊರಬಿಟ್ಟ ಅನಿಲ ಸುಮಾರು 476ರಿಂದ 1,491 ಮಿಲಿಲೀಟರುಗಳವರೆಗೆ ಇತ್ತು. ಒಂದೇ ಪ್ರಮಾಣದ ಕಾಳಿಗೆ ಮೂರು ಪಟ್ಟು ವ್ಯತ್ಯಾಸ ಬರುವುದಕ್ಕೆ ಅವರವರ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ಬೇರೆಬೇರೆಯಾಗಿರುವುದೂ ಒಂದು ಕಾರಣ.

ನೆನೆಸುವುದು, ಹಿದುಕುವುದು, ಮೊಳಕೆ ಬರಿಸುವುದು

ಅನಿಲದ ಹುಟ್ಟನ್ನು ಕಡಿಮೆ ಮಾಡುವ ಕೆಲಸವನ್ನು ಕೋಲಾರ ಸೀಮೆಯ ಅಡುಗೆಮನೆಗಳು ಒಗ್ಗರಣೆಗಿಂತ ಬಹಳ ಮೊದಲೇ ಮಾಡಿ ಮುಗಿಸಿರುತ್ತವೆ. ರಾಫಿನೋಸ್ ಮತ್ತು ಅದರ ಬಳಗದ ಸಕ್ಕರೆಗಳು ನೀರಿನಲ್ಲಿ ಕರಗುವುದರಿಂದ, ಕಾಳನ್ನು ರಾತ್ರಿಯಿಡೀ ನೆನೆಸಿದಾಗ ಅವುಗಳ ಒಂದು ಪಾಲು ನೀರಿಗಿಳಿಯುತ್ತದೆ, ಮತ್ತು ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದಾಗ ಆ ಪಾಲು ಹೊಟ್ಟೆಗೆ ಹೋಗುವುದು ತಪ್ಪುತ್ತದೆ. ನೆನೆದ ಅವರೆಯನ್ನು ಬೆರಳಿನಿಂದ ಒತ್ತಿ ಸಿಪ್ಪೆ ಬಿಡಿಸಿ ಹಿದುಕಿದ ಬೇಳೆ ಮಾಡುವಾಗ ಇದರ ಜೊತೆಗೆ ಸಿಪ್ಪೆಯ ನಾರೂ ಒಗರೂ ಹೊರಗುಳಿಯುತ್ತವೆ. ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ಕ್ರಮ ಇವೆರಡಕ್ಕಿಂತ ಹೆಚ್ಚು ಪರಿಣಾಮಕಾರಿ. ಮನುಷ್ಯನಲ್ಲಿಲ್ಲದ ಕಿಣ್ವವು ಮೊಳೆಯುವ ಬೀಜದಲ್ಲಿ ಚುರುಕಾಗಿ, ಎಳೆಯ ಸಸಿಯೇ ಆ ಸಕ್ಕರೆಗಳನ್ನು ಬಳಸಿಬಿಡುವುದರಿಂದ ಬ್ಯಾಕ್ಟೀರಿಯಾಗಳ ಪಾಲಿಗೆ ಉಳಿಯುವುದು ಕಡಿಮೆ.

ಇಂಗಿಗೆ ಇಂಥ ಯಾವ ಸಾಮರ್ಥ್ಯವೂ ಇಲ್ಲ. ಅದರಲ್ಲಿ ರಾಫಿನೋಸನ್ನು ಒಡೆಯುವ ಕಿಣ್ವವಿಲ್ಲ. ಇದ್ದಿದ್ದರೂ ಒಗ್ಗರಣೆಯ ಬಿಸಿಗೆ ಅದು ಉಳಿಯುತ್ತಿರಲಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ, ಎಂದರೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಇಂಗು ಸೇರಿದಂತೆ ಹಲವು ಮಸಾಲೆಗಳು ಮೇದೋಜೀರಕ ಗ್ರಂಥಿಯ ಕಿಣ್ವಗಳ ಚಟುವಟಿಕೆಯನ್ನು ಹೆಚ್ಚಿಸುವುದು ಕಂಡುಬಂದಿದ್ದು, ಬಹುತೇಕ ಮಸಾಲೆಗಳು ಆಹಾರ ಕರುಳನ್ನು ಹಾದುಹೋಗುವ ಸಮಯವನ್ನು ತಗ್ಗಿಸಿದವು. ಕಿಣ್ವಗಳು ಚುರುಕಾದರೆ ಜಿಡ್ಡು, ಪಿಷ್ಟ, ಪ್ರೋಟೀನುಗಳು ಚೆನ್ನಾಗಿ ಅರಗುತ್ತವೆ, ಆದರೆ ಆ ಗ್ರಂಥಿಯ ಯಾವ ಕಿಣ್ವವೂ ಕಾಳಿನ ಕಿರುಸರಪಣಿಯ ಸಕ್ಕರೆಯನ್ನು ಮುಟ್ಟುವುದಿಲ್ಲವಾದ್ದರಿಂದ ವಾಯುವಿನ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ. ಇವುಗಳ ಪೈಕಿ ಮುಂದಿನ ವಿವರಣೆಗೆ ಹೆಚ್ಚು ನೆರವಾಗುವುದು ಎರಡನೆಯ ಫಲಿತಾಂಶ, ಅಂದರೆ ಹಾದುಹೋಗುವ ಸಮಯ ತಗ್ಗುವುದು.

ಅನಿಲ ಹೆಚ್ಚಿದ್ದರಷ್ಟೇ ನೋವೇ?

ಹೊಟ್ಟೆಯುಬ್ಬರದಿಂದ ನರಳುವವರ ಕರುಳಿನಲ್ಲಿ ಉಳಿದವರಿಗಿಂತ ಹೆಚ್ಚು ಅನಿಲವಿರುತ್ತದೆ ಎಂದು ಊಹಿಸುವುದು ಸಹಜ. ಈ ಊಹೆಯನ್ನು ಅಮೆರಿಕದ ಲ್ಯಾಸರ್, ಬಾಂಡ್ ಮತ್ತು ಲೆವಿಟ್ ಎಂಬ ವೈದ್ಯವಿಜ್ಞಾನಿಗಳು 1975ರಲ್ಲಿ ನೇರವಾಗಿ ಪರೀಕ್ಷೆಗೊಡ್ಡಿದರು. ಸಣ್ಣ ನಳಿಕೆಯ ಮೂಲಕ ಕರುಳಿಗೆ ಆರ್ಗಾನ್ ಎಂಬ ನಿಷ್ಕ್ರಿಯ ಅನಿಲವನ್ನು ವೇಗವಾಗಿ ಹಾಯಿಸಿ, ಅಲ್ಲಿ ಮೊದಲೇ ಇದ್ದ ಅನಿಲವನ್ನೆಲ್ಲ ಗುದದ್ವಾರದ ಮೂಲಕ ಹೊರಕ್ಕೆ ತೊಳೆದು ತಂದು ಅಳೆದಾಗ, ಗ್ಯಾಸಿನ ತೊಂದರೆಯೆಂದು ದೂರುತ್ತಿದ್ದವರಲ್ಲಿಯೂ ಯಾವ ದೂರೂ ಇಲ್ಲದವರಲ್ಲಿಯೂ ಇದ್ದ ಅನಿಲ ಹೆಚ್ಚುಕಡಿಮೆ ಒಂದೇ, ಸುಮಾರು 200 ಮಿಲಿಲೀಟರ್. ವ್ಯತ್ಯಾಸ ಕಂಡದ್ದು ಬೇರೆ ಕಡೆ: ತೊಂದರೆಯಿದ್ದವರಲ್ಲಿ ಹಾಯಿಸಿದ ಅನಿಲವು ಮುಂದೆ ಸಾಗುವ ಬದಲು ಹೊಟ್ಟೆಯ ಕಡೆಗೆ ಹಿಮ್ಮರಳುತ್ತಿತ್ತು, ಮತ್ತು ಉಳಿದವರು ಗಮನಿಸದೆ ತಾಳಿಕೊಂಡ ಪ್ರಮಾಣದ ಅನಿಲವೇ ಅವರಿಗೆ ನೋವಾಗಿತ್ತು.

ಸ್ಪೇನಿನ ಬಾರ್ಸಿಲೋನಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಈ ಮಾತನ್ನು ಇನ್ನೂ ಗಟ್ಟಿಗೊಳಿಸಿತು. ಕರುಳಿನ ಕೆರಳಿಕೆಯ ಕಾಯಿಲೆಯಿದ್ದ 20 ಜನರ ಮತ್ತು ಆರೋಗ್ಯವಂತರಾದ 20 ಜನರ ಸಣ್ಣಕರುಳಿಗೆ ಒಂದೇ ವೇಗದಲ್ಲಿ ಅನಿಲವನ್ನು ಹಾಯಿಸಿದಾಗ, ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ಅನಿಲ ಒಳಗೇ ಉಳಿಯುವುದು, ಹೊಟ್ಟೆ ಉಬ್ಬುವುದು ಅಥವಾ ನೋವು ಕಾಣಿಸಿಕೊಂಡಿತು. ಆರೋಗ್ಯವಂತರಲ್ಲಿ ಹತ್ತಕ್ಕೆ ಎಂಟು ಮಂದಿ ಬಂದ ಅನಿಲವನ್ನು ಬಂದಂತೆಯೇ ಸಾಗಹಾಕಿದರು.

ಕೋಲಾರ ಜಿಲ್ಲೆಯ ಕೆರೆಗಳ ಕಾಲುವೆಯನ್ನು ಬಲ್ಲವರಿಗೆ ಇದರ ಅರ್ಥ ಹಿಡಿಯುವುದು ಕಷ್ಟವಲ್ಲ. ತೂಬು ಎತ್ತಿ ಬಿಟ್ಟ ನೀರು ಒಂದೇ ಪ್ರಮಾಣದ್ದಾದರೂ, ಕಾಲುವೆಯ ಮಡೆಗಳು ಸರದಿಯಂತೆ ತೆರೆದುಕೊಂಡರೆ ನೀರು ಸದ್ದಿಲ್ಲದೆ ಕೊನೆಯ ಗದ್ದೆಯವರೆಗೆ ಸಾಗುತ್ತದೆ, ಆದರೆ ನಡುವಿನ ಒಂದೆರಡು ಮಡೆಗಳು ಮುಚ್ಚಿಕೊಂಡಿದ್ದರೆ ಸ್ವಲ್ಪ ನೀರೇ ಅಲ್ಲಲ್ಲಿ ಮಡುಗಟ್ಟಿ ಕಾಲುವೆಯ ಏರಿಯನ್ನು ಒತ್ತುತ್ತದೆ. ಹೊಟ್ಟೆಯುಬ್ಬರವೂ ಬಹುಪಾಲು ಹೀಗೆ ಮಡುಗಟ್ಟುವಿಕೆಯ ತೊಂದರೆ. ಅನಿಲದ ಒಟ್ಟು ಮೊತ್ತ ಅದರಲ್ಲಿ ಎರಡನೆಯ ಅಂಶ.

ಕರುಳಿನ ಬಿಗಿತ ಮತ್ತು ಇಂಗಿನ ಕೆಲಸ

ಕರುಳಿನಲ್ಲಿ ಮಡೆಗಳ ಕೆಲಸ ಮಾಡುವುದು ಅದರ ಗೋಡೆಯಲ್ಲಿರುವ ನಯಸ್ನಾಯು. ತೋಳಿನ ಸ್ನಾಯುಗಳಂತೆ ನಮ್ಮ ಇಚ್ಛೆಗೆ ಒಳಪಡದ ಈ ಸ್ನಾಯುವಿನ ಒಂದು ಪದರ ಕರುಳನ್ನು ಬಳೆಯಂತೆ ಸುತ್ತುವರಿದಿದ್ದು, ಇನ್ನೊಂದು ಪದರ ಅದರ ಉದ್ದಕ್ಕೂ ಚಾಚಿಕೊಂಡಿದೆ. ಆಹಾರವಾಗಲಿ ಅನಿಲವಾಗಲಿ ಮುಂದೆ ಸಾಗಬೇಕಾದರೆ ಅದರ ಹಿಂದಿನ ಭಾಗ ಬಿಗಿಯಾಗುವ ಹೊತ್ತಿಗೆ ಮುಂದಿನ ಭಾಗ ಸಡಿಲವಾಗಬೇಕು. ಮುಂದಿನ ಭಾಗವೂ ಬಿಗಿದುಕೊಂಡೇ ಇದ್ದರೆ ನಡುವೆ ಸಿಕ್ಕಿಬಿದ್ದ ಅನಿಲ ಕರುಳಿನ ಗೋಡೆಯನ್ನು ಹಿಗ್ಗಿಸುತ್ತದೆ, ಮತ್ತು ಕತ್ತರಿಸಿದರೂ ನೋವು ತಿಳಿಯದ ಕರುಳಿನ ಗೋಡೆ ಹಿಗ್ಗುವಿಕೆಗೆ ಮಾತ್ರ ತೀವ್ರವಾಗಿ ಸ್ಪಂದಿಸುವುದರಿಂದ ಹೊಟ್ಟೆನುಲಿ ಕಾಣಿಸಿಕೊಳ್ಳುತ್ತದೆ.

ನಯಸ್ನಾಯು ಬಿಗಿಯಾಗಬೇಕಾದರೆ, ಸಾಮಾನ್ಯವಾಗಿ ನರತುದಿಗಳಿಂದ ಬರುವ ಅಸಿಟೈಲ್‌ಕೋಲೀನ್‌ನಂಥ ಸಂದೇಶವಾಹಕಗಳ ಪ್ರಚೋದನೆಯಿಂದ, ಸ್ನಾಯುಕೋಶಗಳೊಳಗೆ ಕ್ಯಾಲ್ಸಿಯಂ ಪ್ರಮಾಣ ಏರಬೇಕು. ಇರಾನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಿನಿಪಿಗ್‌ನ ಸಣ್ಣಕರುಳಿನ ತುಂಡುಗಳನ್ನು ಪೋಷಕ ದ್ರಾವಣದಲ್ಲಿ ಜೀವಂತವಾಗಿರಿಸಿ, ಅವುಗಳಿಗೆ ಇಂಗಿನ ಸಾರವನ್ನು ಉಣಿಸಿದಾಗ ಅವುಗಳ ತಾನೇತಾನಾದ ಕುಗ್ಗುವಿಕೆ ಕಡಿಮೆಯಾಯಿತು. ಅಸಿಟೈಲ್‌ಕೋಲೀನ್, ಹಿಸ್ಟಮಿನ್, ಪೊಟ್ಯಾಸಿಯಂ ಕ್ಲೋರೈಡ್ ಎಂಬ ಮೂರು ಬೇರೆಬೇರೆ ಪ್ರಚೋದಕಗಳಿಂದ ಬಿಗಿಗೊಳಿಸಿದ್ದ ಕರುಳೂ ಇಂಗಿನ ಸಾರಕ್ಕೆ ಸಡಿಲಗೊಂಡಿತು. ಮೂರು ಬೇರೆ ಬಾಗಿಲುಗಳಿಂದ ಬಂದ ಬಿಗಿತವನ್ನು ಒಂದೇ ಪದಾರ್ಥ ಸಡಿಲಿಸಬೇಕಾದರೆ ಅದು ಆ ಮೂರೂ ದಾರಿಗಳು ಕೂಡುವ ಕಡೆ, ಅಂದರೆ ಕ್ಯಾಲ್ಸಿಯಂ ಏರಿಕೆಯ ಹಂತದಲ್ಲಿಯೂ ಕೆಲಸ ಮಾಡುತ್ತಿರಬೇಕೆಂಬ ತೀರ್ಮಾನ ಸಮಂಜಸವಾಗಿದೆ. ಪುದೀನ ಜಾತಿಯ ಎಣ್ಣೆಯಲ್ಲಿರುವ ಮೆಂಥಾಲ್ ಕೂಡ ಕ್ಯಾಲ್ಸಿಯಂ ಒಳಹೋಗುವುದನ್ನು ತಡೆದು ಕರುಳನ್ನು ಸಡಿಲಿಸುತ್ತದೆಂಬುದೂ, ಆ ಎಣ್ಣೆಯ ಗುಳಿಗೆಗಳನ್ನು ಆಧುನಿಕ ವೈದ್ಯರೇ ಕರುಳಿನ ಕೆರಳಿಕೆಗೆ ಬರೆದುಕೊಡುತ್ತಾರೆಂಬುದೂ ಈ ವಿವರಣೆಗೆ ಪುಷ್ಟಿ ನೀಡುತ್ತವೆ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಾಳಿನ ಸಕ್ಕರೆ ಹುಳಿತು ಅನಿಲವಾಗುವುದು ಇಂಗು ಬಿದ್ದರೂ ನಡೆಯುತ್ತದೆ. ಹುಟ್ಟಿದ ಅನಿಲವನ್ನು ಇಂಗು ಹೀರಿಕೊಳ್ಳುವುದೂ ಇಲ್ಲ. ಅಲ್ಲಲ್ಲಿ ಅನಗತ್ಯವಾಗಿ ಬಿಗಿದುಕೊಂಡ ಮಡೆಗಳನ್ನು ಸಡಿಲಿಸಿ, ಮಡುಗಟ್ಟಿದ ಅನಿಲಕ್ಕೆ ಕೆಳಕ್ಕೆ ವಾಯುವಾಗಿ ಹೊರಹೋಗಲು ದಾರಿ ಬಿಡಿಸುವುದು ಅದರ ಕೆಲಸ. ಇಂಗು ಹಾಕಿದ ಮಜ್ಜಿಗೆ ಕುಡಿದ ಮೇಲೆ ಹೊಟ್ಟೆ ಹಗುರವಾಗುವುದಕ್ಕೂ ವಾಯು ಸರಿಯುವುದಕ್ಕೂ ನಡುವೆ ವಿರೋಧವಿಲ್ಲ, ಏಕೆಂದರೆ ವಾಯು ಸರಿಯುವುದರಿಂದಲೇ ಹೊಟ್ಟೆ ಹಗುರವಾಗುತ್ತದೆ. ವಾತವನ್ನು ಕೆಳಮುಖದ ದಾರಿಗೆ ಹಚ್ಚುವ ದ್ರವ್ಯವೆಂಬ ಚರಕಸಂಹಿತೆಯ ವರ್ಣನೆ, ಅದರ ಹಿಂದಿನ ಸಿದ್ಧಾಂತ ಬೇರೆಯಾಗಿದ್ದರೂ, ಕಣ್ಣಿಗೆ ಕಂಡ ಪರಿಣಾಮದ ಮಟ್ಟಿಗೆ ನಿಖರವಾದದ್ದು.

ಚಿಟಿಕೆಯ ಲೆಕ್ಕ

ಪ್ರಯೋಗಾಲಯದ ಕರುಳಿನ ತುಂಡಿಗೆ ತಾಗುವ ಇಂಗಿನ ಸಾರಕ್ಕೂ ಸಾರಿನ ಪಾತ್ರೆಗೆ ಬೀಳುವ ಇಂಗಿಗೂ ಪ್ರಮಾಣದಲ್ಲಿ ದೊಡ್ಡ ಅಂತರವಿದೆ. ಆ ಪ್ರಯೋಗಗಳಲ್ಲಿ ಪ್ರತಿ ಮಿಲಿಲೀಟರ್ ದ್ರಾವಣಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಸಾರವನ್ನು ಬಳಸಲಾಗಿತ್ತು. ಅಂಗಡಿಯ ಡಬ್ಬಿಯಲ್ಲಿ ಸಿಗುವುದಾದರೋ ಶುದ್ಧ ಇಂಗಲ್ಲ. ಬರಿಯ ಇಂಗಿನ ತೀಕ್ಷ್ಣತೆಯನ್ನು ತಗ್ಗಿಸಲು ಮೈದಾ ಅಥವಾ ಅಕ್ಕಿಹಿಟ್ಟು ಮತ್ತು ಗೋಂದು ಬೆರೆಸಿ ಮಾಡಿದ ಮಿಶ್ರಣ ಅದು. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಇಂಥ ಮಿಶ್ರಣದಲ್ಲಿ ಮದ್ಯಸಾರದಲ್ಲಿ ಕರಗುವ ಅಂಶ, ಎಂದರೆ ರಾಳದ ಭಾಗ, ಕನಿಷ್ಠ ಶೇಕಡ 5 ಇರಬೇಕು. ಒಂದು ಚಿಟಿಕೆಯ ತೂಕ 200 ಮಿಲಿಗ್ರಾಂ ಎಂದಿಟ್ಟುಕೊಂಡು, ಮಿಶ್ರಣದಲ್ಲಿ ಈ ಕನಿಷ್ಠ ಪ್ರಮಾಣವಷ್ಟೇ ಇದೆಯೆಂದು ಭಾವಿಸಿದರೆ ಅದರಲ್ಲಿ ಸಿಗುವ ರಾಳ 10 ಮಿಲಿಗ್ರಾಂ. ನಾಲ್ವರು ಹಂಚಿಕೊಂಡು ಉಂಡ ಸಾರಿನಲ್ಲಿ ತಲಾ ಎರಡೂವರೆ ಮಿಲಿಗ್ರಾಂ.

ಮನುಷ್ಯರ ಮೇಲಿನ ಪ್ರಯೋಗಗಳು ಬಳಸಿದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚಿನದು. 2018ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ಊಟದ ನಂತರ ಹೊಟ್ಟೆ ಭಾರವಾಗುವ, ಉಬ್ಬುವ ಅಜೀರ್ಣದ ತೊಂದರೆಯಿದ್ದ 43 ಜನರನ್ನು ಎರಡು ಗುಂಪುಗಳಾಗಿಸಿ, ಒಂದು ಗುಂಪಿಗೆ ಇಂಗಿನ ವಿಶೇಷ ತಯಾರಿಕೆಯ 250 ಮಿಲಿಗ್ರಾಂ ಗುಳಿಗೆಗಳನ್ನು ದಿನಕ್ಕೆರಡರಂತೆ 30 ದಿನ ಕೊಟ್ಟು, ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿಗುಳಿಗೆಗಳನ್ನು ಕೊಡಲಾಯಿತು. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗಳಿಗಾಗಲಿ ವೈದ್ಯರಿಗಾಗಲಿ ತಿಳಿಯದಂತೆ ನಡೆದ ಈ ಪ್ರಯೋಗದಲ್ಲಿ ಇಂಗು ಪಡೆದ ಗುಂಪಿನ ತೊಂದರೆಗಳು ಗಮನಾರ್ಹವಾಗಿ ಕಡಿಮೆಯಾದವು. ಭಾಗವಹಿಸಿದವರ ಸಂಖ್ಯೆ ಚಿಕ್ಕದಾದ್ದರಿಂದ ಇಂಥ ಫಲಿತಾಂಶವು ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಮರುಕಳಿಸಿದಾಗ ಮಾತ್ರ ಚಿಕಿತ್ಸೆಯ ಆಧಾರವಾಗಬಲ್ಲದು.

ಈ ಲೆಕ್ಕದಿಂದ ಅಡುಗೆಯ ಇಂಗನ್ನೂ ಔಷಧದ ಇಂಗನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ. ಒಗ್ಗರಣೆಯ ಚಿಟಿಕೆ ಮುಖ್ಯವಾಗಿ ರುಚಿಯ ಕೆಲಸವನ್ನು ಮಾಡುತ್ತದೆ, ಹಸಿವೆಯನ್ನೂ ಜೊಲ್ಲನ್ನೂ ಕೆರಳಿಸುತ್ತದೆ. ಕರುಳನ್ನು ಸಡಿಲಿಸುವಷ್ಟು ಇಂಗು ಹಿಂಗ್ವಾಷ್ಟಕ ಚೂರ್ಣದಂಥ ಸಾಂದ್ರ ಮದ್ದುಗಳಲ್ಲಿ ಮತ್ತು ಒಬ್ಬರೇ ಕುಡಿಯುವ ಗಟ್ಟಿಯಾದ ಇಂಗಿನ ಮಜ್ಜಿಗೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅವರೆಯ ಸಾರಿನಿಂದ ಹೊಟ್ಟೆ ಹಾಳಾಗದಂತೆ ಕಾಪಾಡುವುದರಲ್ಲಿ ಒಗ್ಗರಣೆಯ ಇಂಗಿಗೆ ಸಲ್ಲುವ ಕೀರ್ತಿಯ ದೊಡ್ಡ ಪಾಲು ನ್ಯಾಯವಾಗಿ ಹಿಂದಿನ ರಾತ್ರಿ ಕಾಳು ನೆನೆಸಿ, ಬೆಳಗ್ಗೆ ಹಿದುಕಿದ ಕೈಗಳಿಗೆ ಸೇರಬೇಕು.

ಇಂಗು ಸಲ್ಲದ ಕಡೆ

ಅಂಟುರಾಳವು ಸಸ್ಯಜನ್ಯವೆಂಬ ಕಾರಣಕ್ಕೆ ಎಲ್ಲರಿಗೂ ನಿರಪಾಯವೆಂದು ತಿಳಿಯುವಂತಿಲ್ಲ. ಅಮೆರಿಕದಲ್ಲಿ ಹೊಟ್ಟೆನೋವಿಗೆಂದು ಗ್ಲಿಸರಿನಿನಲ್ಲಿ ಕಲಸಿದ ಇಂಗನ್ನು ಕುಡಿಸಿದ ಐದು ವಾರದ ಶಿಶುವೊಂದು ಮೆಥೆಮೊಗ್ಲೋಬಿನೀಮಿಯಾ ಎಂಬ ತೊಂದರೆಗೆ ಗುರಿಯಾದುದನ್ನು 1984ರ ವೈದ್ಯಕೀಯ ವರದಿಯೊಂದು ದಾಖಲಿಸಿದೆ. ಎಳೆಯ ಶಿಶುವಿನ ರಕ್ತದಲ್ಲಿ ಗರ್ಭಕಾಲದ ಹಿಮೋಗ್ಲೋಬಿನ್ ಇನ್ನೂ ಉಳಿದಿದ್ದು, ಅದು ಸುಲಭವಾಗಿ ಉತ್ಕರ್ಷಣಗೊಂಡು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಮತ್ತು ಅದನ್ನು ಸರಿಪಡಿಸುವ ಕಿಣ್ವ ಆ ವಯಸ್ಸಿನಲ್ಲಿ ಸಾಕಷ್ಟು ಇರುವುದಿಲ್ಲ. ಹೊಕ್ಕುಳಿನ ಸುತ್ತ ಇಂಗು ಹಚ್ಚುವ ರೂಢಿಯಿರುವ ಮನೆಗಳಲ್ಲಿಯೂ ಶಿಶುವಿನ ಬಾಯಿಗೆ ಇಂಗು ಹಾಕದಿರುವುದಕ್ಕೆ ಇದೊಂದೇ ಕಾರಣ ಸಾಕು. ಗರ್ಭಿಣಿಯರು ಮತ್ತು ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿರುವವರು ಅಡುಗೆಯ ಪ್ರಮಾಣವನ್ನು ಮೀರಿ ಇಂಗನ್ನು ಸೇವಿಸಬಾರದು. ಗೋಧಿಯ ಗ್ಲೂಟೆನ್ ಒಗ್ಗದವರು ಡಬ್ಬಿಯ ಮೇಲೆ ಮೈದಾ ಎಂದು ಬರೆದಿದೆಯೇ ಎಂದು ನೋಡಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಅಪಾಯ ಇಂಗಿನ ದೋಷದಿಂದ ಬರುವಂಥದ್ದಲ್ಲ, ಅದನ್ನು ಬಳಸುವ ಸಂದರ್ಭದ್ದು. ಹೊಟ್ಟೆಯ ಮೇಲ್ಭಾಗದ ಪ್ರತಿಯೊಂದು ಬಾಧೆಯನ್ನೂ ಗ್ಯಾಸ್ಟ್ರಿಕ್ ಎಂದು ಕರೆಯುವ ರೂಢಿ ಬೆಳೆದಿರುವುದರಿಂದ, ಎದೆಯ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಇವುಗಳಿಗೂ ಇಂಗಿನ ಮಜ್ಜಿಗೆ ಕೊಟ್ಟು ಕಾಯುವವರಿದ್ದಾರೆ. ಹೃದಯಾಘಾತದಲ್ಲಿ ಹಾಗೆ ಕಳೆಯುವ ಒಂದೊಂದು ಗಂಟೆಯೂ ಹೃದಯದ ಸ್ನಾಯುವಿನ ಒಂದೊಂದು ಭಾಗವನ್ನು ಬಲಿ ತೆಗೆದುಕೊಳ್ಳುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಬಿಡದ ವಾಂತಿ, ವಾಯುವೂ ಮಲವೂ ಪೂರ್ತಿ ನಿಂತು ಉಬ್ಬುತ್ತ ಹೋಗುವ ಹೊಟ್ಟೆ ಇವು ಕಂಡಾಗಲೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಬಿಗಿದ ಸ್ನಾಯುವನ್ನು ಸಡಿಲಿಸುವುದಷ್ಟೇ ಇಂಗಿನ ಶಕ್ತಿಯಾದ್ದರಿಂದ, ಕರುಳಿನ ದಾರಿಗೆ ಗಡ್ಡೆಯೋ ತೊಡಕೋ ಅಡ್ಡಬಿದ್ದಿರುವಲ್ಲಿ ಅದರಿಂದ ದಾರಿ ಬಿಡುವುದಿಲ್ಲ. ಅಂಥ ಕಡೆ ನೋವು ಒಂದಿಷ್ಟು ತಗ್ಗಿದರೂ ರೋಗ ಬೆಳೆಯುತ್ತಲೇ ಇರುತ್ತದೆ. ಕಾಳು ತಿಂದ ಕೆಲವು ಗಂಟೆಗಳಲ್ಲಿ ಬಂದು, ವಾಯು ಸರಿದೊಡನೆ ಇಳಿಯುವ ಉಬ್ಬರಕ್ಕೆ ಇಂಗು ತಕ್ಕ ಮದ್ದು. ಕಾಳು ತಿನ್ನದ ದಿನವೂ ಬರುವ, ವಾಯು ಸರಿದರೂ ಇಳಿಯದ ಉಬ್ಬರಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು.